ತ್ರೀ ಬೈ ಟ್ವೆಂಟಿಯಿಂದ ಬ್ರಾಡ್‌ಗೇಜ್‌ವರೆಗೆ: ಕೆಲವು ಸಾಲುಗಳ ವ್ಯಾಖ್ಯಾನ

ಇಲ್ಲಿ ವ್ಯಾಖ್ಯಾನಕ್ಕೆ ಎತ್ತಿಕೊಂಡ ಸಾಲುಗಳು ಯಾವ ಪುಸ್ತಕದವೂ ಅಲ್ಲ. ಮನೆ ಕಟ್ಟಿಸುವವರ ಕೈಗೆ ವೈರಿಂಗ್ ಮೇಸ್ತ್ರಿ ಕೊಡುವ ಚೀಟಿ, ತಂತಿಯ ಮೈಮೇಲೆ ಒತ್ತಿದ ಅಕ್ಷರ, ಮೋಟಾರ್ ರೀವೈಂಡಿಂಗ್ ಅಂಗಡಿಯ ಮಾತು, ರೈಲ್ವೆಯ ಅಳತೆ. ದಿನವೂ ಕಣ್ಣಿಗೆ ಬಿದ್ದರೂ ಬಿಡಿಸಿ ಓದದೆ ದಾಟಿಹೋಗುವ ಸಾಲುಗಳು ಇವು. ತಂತಿಯ ಗೇಜು ಒಂದು ಪಟ್ಟಿಯೊಳಗಿನ ಕ್ರಮಸಂಖ್ಯೆ. ಆ ಪಟ್ಟಿ ಯಾವುದೆಂದು ಗೊತ್ತಿಲ್ಲದಿದ್ದರೆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಹಳಿಯ ಗೇಜು ನೇರವಾದ ಅಂತರ, ಟೇಪು ಹಿಡಿದರೆ ಸಿಕ್ಕಿಬಿಡುತ್ತದೆ. ಎರಡನ್ನೂ ಒಂದೇ ಬಗೆಯಲ್ಲಿ ಓದಲು ಹೋದವರು ಮೋಸಹೋಗುತ್ತಾರೆ. ಅದರಲ್ಲೂ ತಂತಿಯ ವಿಷಯದಲ್ಲಿ ಆ ಮೋಸ ಗೋಡೆಯೊಳಗೆ ಮೂವತ್ತು ವರ್ಷ ಹೂತುಕೊಂಡಿರುತ್ತದೆ. ಅದಕ್ಕಾಗಿಯೇ ಒಂದೊಂದು ಸಾಲನ್ನೂ ಬಿಡಿಸಿ ನೋಡುವ ಈ ಕೆಲಸ.

ಸಾಲು: "1/18 — 4 ಕಾಯಿಲ್, 3/20 — 2 ಕಾಯಿಲ್, 7/20 — 1 ಕಾಯಿಲ್"

ಹಳೆಯ ಮೇಸ್ತ್ರಿಗಳ ಚೀಟಿಯ ಸಾಲು ಇದು. ಬಾಯಲ್ಲಿ "ಒನ್ ಬೈ ಏಟೀನ್, ತ್ರೀ ಬೈ ಟ್ವೆಂಟಿ, ಸೆವೆನ್ ಬೈ ಟ್ವೆಂಟಿ" ಎನ್ನುತ್ತಾರೆ. ನೋಡಲು ಭಿನ್ನರಾಶಿಯ ಹಾಗಿದ್ದರೂ ಭಿನ್ನರಾಶಿಯಲ್ಲ. ಗೀಟಿನ ಮುಂಚಿನ ಅಂಕೆ ತಂತಿಯೊಳಗಿನ ಎಳೆಗಳ ಎಣಿಕೆ. ಆಮೇಲಿನದು ಒಂದೊಂದು ಎಳೆಯ ಗೇಜು. 3/20 ಎಂದರೆ ಇಪ್ಪತ್ತನೇ ನಂಬರಿನ ಮೂರು ಎಳೆಗಳನ್ನು ಹೊಸೆದ ತಂತಿ.

ಇಪ್ಪತ್ತನೇ ನಂಬರು ಎಂದರೆ ಎಷ್ಟು ದಪ್ಪ? ಇದು ಬ್ರಿಟಿಷರ ಸ್ಟ್ಯಾಂಡರ್ಡ್ ವೈರ್ ಗೇಜ್, ಅಂದರೆ ಎಸ್‌ಡಬ್ಲ್ಯುಜಿ ಪಟ್ಟಿಯ ನಂಬರು. ಬ್ರಿಟನ್ನಿನಲ್ಲಿ ಒಂದೊಂದು ಊರು, ಒಂದೊಂದು ಕಾರ್ಖಾನೆ ತನ್ನದೇ ಪಟ್ಟಿ ಇಟ್ಟುಕೊಂಡಿತ್ತು. ಆ ಗೊಂದಲ ಮುಗಿಸಲು 1883ರಲ್ಲಿ ಸರ್ಕಾರ ಒಂದೇ ಪಟ್ಟಿಯನ್ನು ಗೊತ್ತುಮಾಡಿತು. 1884ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಅದರ ಪ್ರಕಾರ 18ನೇ ನಂಬರು 1.219 ಮಿ.ಮೀ., 20ನೇ ನಂಬರು 0.914 ಮಿ.ಮೀ., 22ನೇ ನಂಬರು 0.711 ಮಿ.ಮೀ. ವ್ಯಾಸ. ನಂಬರು ಏರಿದಷ್ಟೂ ತಂತಿ ಸಣ್ಣಗಾಗುತ್ತದೆ. ಪಟ್ಟಿಯ ಕೊನೆಯ 50ನೇ ನಂಬರಿನ ತಂತಿ ಒಂದು ಅಂಗುಲದ ಸಾವಿರದಲ್ಲೊಂದು ಭಾಗದಷ್ಟೇ ದಪ್ಪ.

ಈ ತಲೆಕೆಳಗಿನ ಲೆಕ್ಕಕ್ಕೆ ಕಾರಣ ತಂತಿ ತಯಾರಾಗುವ ರೀತಿಯಲ್ಲಿದೆ. ನಮ್ಮ ಅಕ್ಕಸಾಲಿಗರ ಕಂಬಚ್ಚನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಉಕ್ಕಿನ ಪಟ್ಟಿಯಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೊರೆದ ತೂತುಗಳು. ಬೆಳ್ಳಿಯ ಕಡ್ಡಿಯ ತುದಿಯನ್ನು ಚೂಪು ಮಾಡಿ, ಮೊದಲ ತೂತಿನಲ್ಲಿ ತೂರಿಸಿ, ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ಆಮೇಲೆ ಎರಡನೆಯದು, ಮೂರನೆಯದು. ಪ್ರತಿ ಎಳೆತಕ್ಕೂ ತಂತಿ ಉದ್ದವಾಗುತ್ತದೆ, ತೆಳ್ಳಗಾಗುತ್ತದೆ. ಬರ್ಮಿಂಗ್‌ಹ್ಯಾಮ್‌ನ ಕಮ್ಮಟಗಳಲ್ಲೂ ನಡೆದದ್ದು ಇದೇ. ಹಳೆಯ ಗೇಜು ನಂಬರುಗಳು ಸ್ಥೂಲವಾಗಿ ತಂತಿ ಎಷ್ಟು ತೂತು ದಾಟಿ ಬಂದಿದೆ ಎಂಬುದರ ಎಣಿಕೆಯಾಗಿದ್ದವು. ಹೆಚ್ಚು ತೂತು ದಾಟಿದ ತಂತಿ ಹೆಚ್ಚು ಸಣ್ಣದು. ಕುಶಲಕರ್ಮಿಯ ಶ್ರಮದ ಲೆಕ್ಕವೇ ಅಳತೆಯ ಲೆಕ್ಕವಾಗಿ ನಿಂತುಬಿಟ್ಟಿತು.

ಈಗ ಚೀಟಿಯ ತಂತಿಗಳಲ್ಲಿ ತಾಮ್ರ ಎಷ್ಟಿದೆ ನೋಡೋಣ. 20ನೇ ನಂಬರಿನ ಒಂದು ಎಳೆಯ ಅಡ್ಡಕೊಯ್ತದ ವಿಸ್ತೀರ್ಣ 0.657 ಚದರ ಮಿ.ಮೀ. ಮೂರು ಎಳೆ ಸೇರಿದರೆ 1.97, ಏಳು ಎಳೆ ಸೇರಿದರೆ 4.6. ಒಂದೇ ಎಳೆಯ 1/18ರಲ್ಲಿ 1.17 ಚ.ಮಿ.ಮೀ. ತಾಮ್ರ. ಹಳೆಯ ಪಟ್ಟಿಯಲ್ಲಿ 3/22 ಎಂಬ ತಂತಿಯೂ ಇತ್ತು, ಅದರ ತಾಮ್ರ 1.19. ಅಂದರೆ 1/18 ಮತ್ತು 3/22ರಲ್ಲಿ ತಾಮ್ರ ಹೆಚ್ಚುಕಡಿಮೆ ಒಂದೇ. ಮೊದಲನೆಯದು ಗಡಸು, ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಎರಡನೆಯದು ಮೂರು ಎಳೆಯದಾದ್ದರಿಂದ ಬಾಗುತ್ತದೆ, ಪೈಪಿನ ತಿರುವಿನಲ್ಲಿ ಸಲೀಸಾಗಿ ಜಾರುತ್ತದೆ.

ಇನ್ನೊಂದನ್ನು ಗಮನಿಸಬೇಕು. 3/20ರ 1.97 ಚ.ಮಿ.ಮೀ. ಇಂದಿನ ಅಂಗಡಿಯ ಯಾವ ಅಳತೆಗೂ ಸರಿಹೊಂದುವುದಿಲ್ಲ. ಈಗ ಸಿಗುವುದು 1.5, ಅದು ಬಿಟ್ಟರೆ 2.5. ಚೀಟಿಯಲ್ಲಿ 3/20 ಎಂದಿದ್ದಾಗ ಅಂಗಡಿಯವರು 1.5 ಕೊಟ್ಟರೆ ತಾಮ್ರ ಕಾಲುಭಾಗ ಕಡಿಮೆಯಾಯಿತು, 2.5 ಕೊಟ್ಟರೆ ಕಾಲುಭಾಗಕ್ಕಿಂತ ಹೆಚ್ಚಾಯಿತು. ಕೊಳ್ಳುವವರು ಕೇಳದಿದ್ದರೆ ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಬೇಕಾಗಿಲ್ಲ.

ಸಾಲು: "22/0.3 — 1.5 ಚ.ಮಿ.ಮೀ. — ಎಫ್‌ಆರ್ — 1100 ವೋಲ್ಟ್ — ಐಎಸ್ 694"

ಇದು ಹೊಸ ಕಾಯಿಲ್‌ನ ಸಾಲು. ಪದಪದವಾಗಿಯೇ ನೋಡಬೇಕು.

22/0.3 ಎಂಬುದೂ ಗೀಟು ಹಾಕಿದ ಸಂಖ್ಯೆಯೇ. ಆದರೆ ಗೀಟಿನ ಆಚೆ ಇರುವುದು ಗೇಜು ನಂಬರಲ್ಲ, ಮಿಲಿಮೀಟರಿನಲ್ಲಿ ಎಳೆಯ ವ್ಯಾಸ. 0.3 ಮಿ.ಮೀ. ವ್ಯಾಸದ 22 ಎಳೆಗಳು ಸೇರಿ 1.55 ಚ.ಮಿ.ಮೀ. ಇದೇ ಕ್ರಮದಲ್ಲಿ 36 ಎಳೆಗಳಿದ್ದರೆ 2.5 ಚ.ಮಿ.ಮೀ., 56 ಎಳೆಗಳಿದ್ದರೆ 4 ಚ.ಮಿ.ಮೀ. ಒಂದು ತುಂಡಿನ ತುದಿಯ ಸಿಪ್ಪೆ ಸುಲಿದು ಎಳೆಗಳನ್ನು ಬಿಡಿಸಿ ಎಣಿಸಬಹುದು. ಪಿಯುಸಿ ಪ್ರಯೋಗಾಲಯದಲ್ಲಿ ಸ್ಕ್ರೂಗೇಜ್ ಹಿಡಿದಿದ್ದವರು ಒಂದು ಎಳೆಯ ವ್ಯಾಸವನ್ನೂ ನೋಡಿಬಿಡಬಹುದು. ಅಂದು ಲೀಸ್ಟ್ ಕೌಂಟ್ ಬರೆದು ಅಂಕ ಪಡೆದ ಪ್ರಯೋಗ ಸ್ವಂತ ಮನೆಗೆ ಉಪಯೋಗಕ್ಕೆ ಬರುವುದು ಇಲ್ಲೇ.

1.5 ಚ.ಮಿ.ಮೀ. ಎಂಬುದು ಹೆಸರಿನ ಅಳತೆ. ಅಂತಿಮವಾಗಿ ಮಾನಕ ನೋಡುವುದು ವಿಸ್ತೀರ್ಣವನ್ನಲ್ಲ, ರೋಧವನ್ನು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಾಗುವ ಬಹುಎಳೆಯ 1.5ರ ತಂತಿಯ ರೋಧ ಕಿಲೋಮೀಟರಿಗೆ 13.3 ಓಮ್ ಮೀರಬಾರದು. 1 ಚ.ಮಿ.ಮೀ. ಆದರೆ 19.5, 2.5 ಆದರೆ 7.98, 4 ಆದರೆ 4.95. ಇದು ಬಹಳ ಜಾಣತನದ ನಿಯಮ. ತಾಮ್ರ ಕಡಿಮೆ ಹಾಕಿದರೂ ರೋಧ ಏರುತ್ತದೆ, ಕಲಬೆರಕೆ ತಾಮ್ರ ಹಾಕಿದರೂ ಏರುತ್ತದೆ. ಎರಡೂ ಕಳ್ಳತನಕ್ಕೆ ಒಂದೇ ಪರೀಕ್ಷೆ. 90 ಮೀಟರಿನ ಇಡೀ ಕಾಯಿಲ್‌ನ ಎರಡು ತುದಿಗೆ ಒಳ್ಳೆಯ ಮೀಟರ್ ಹಿಡಿದರೆ 1.2 ಓಮ್ ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ನಮ್ಮ ಬಿಸಿಲಿನ ದಿನಗಳಲ್ಲಿ ಕೊಂಚ ಹೆಚ್ಚು ಬಂದೀತು. ಒಂದೂವರೆ ಓಮ್ ದಾಟಿದರೆ ಆ ಕಾಯಿಲ್ ಮನೆಗೆ ಬೇಡ.

ಎಫ್‌ಆರ್ ಎಂದರೆ ಸಿಪ್ಪೆಗೆ ಹತ್ತಿದ ಬೆಂಕಿ ತಾನಾಗಿ ಹರಡದಂತೆ ತಡೆಯುವ ಗುಣ. ಅದರರ್ಥ ತಂತಿ ಸುಡುವುದಿಲ್ಲ ಎಂದಲ್ಲ. 1100 ವೋಲ್ಟ್ ಎಂಬುದು ಸಿಪ್ಪೆ ತಡೆದುಕೊಳ್ಳುವ ಒತ್ತಡದ ಮಿತಿ, ತಾಮ್ರದ ದಪ್ಪಕ್ಕೂ ಅದಕ್ಕೂ ಸಂಬಂಧವಿಲ್ಲ. ಅಷ್ಟು ದೊಡ್ಡ ಸಂಖ್ಯೆ ಕಂಡಕೂಡಲೇ ಎಷ್ಟು ಲೋಡ್ ಬೇಕಾದರೂ ಹಾಕಬಹುದು ಎಂದುಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಓದಬೇಡಿ. ಐಎಸ್ 694 ಪಿವಿಸಿ ಸಿಪ್ಪೆಯ ತಂತಿಗಳ ಭಾರತೀಯ ಮಾನಕ. ಅದರ ಪಕ್ಕದಲ್ಲಿ ಐಎಸ್‌ಐ ಗುರುತು ಇರಲೇಬೇಕು.

ತಂತಿ ಸಣ್ಣದಾದರೆ ಆಗುವುದೇನು? ಎರಡು ಕಿಲೋವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಬೋರ್ಡಿನಿಂದ ಬಚ್ಚಲಿಗೆ 20 ಮೀಟರ್ ಎಂದುಕೊಳ್ಳಿ. ಕರೆಂಟು ಹೋಗಿ ಬರುವ ದಾರಿ 40 ಮೀಟರ್. 1 ಚ.ಮಿ.ಮೀ. ತಂತಿ ಎಳೆದಿದ್ದರೆ ಆ ದಾರಿಯ ರೋಧ 0.78 ಓಮ್, ಗೋಡೆಯೊಳಗಿನ ಪೈಪಿನಲ್ಲಿ ಹುಟ್ಟುವ ಶಾಖ 59 ವ್ಯಾಟ್. 2.5ರ ತಂತಿಯಾದರೆ 24 ವ್ಯಾಟ್. ಅದೇ ಪೈಪಿನಲ್ಲಿ ಇನ್ನೂ ನಾಲ್ಕು ತಂತಿಗಳು ಒತ್ತಿಕೊಂಡಿದ್ದರೆ ಶಾಖ ಹೊರಬರಲು ದಾರಿಯಿಲ್ಲ. ಸಿಪ್ಪೆ ವರ್ಷವರ್ಷಕ್ಕೂ ಗಡಸಾಗಿ ಕೊನೆಗೊಂದು ದಿನ ಬಿರಿಯುತ್ತದೆ. ಅದಕ್ಕೇ ದೀಪ, ಫ್ಯಾನುಗಳಿಗೆ 1.5, ಪವರ್ ಸಾಕೆಟ್ಟಿಗೆ 2.5, ಗೀಸರ್ ಮತ್ತು ಏಸಿಗೆ 4 ಎಂಬ ರೂಢಿ ಒಳ್ಳೆಯ ಮೇಸ್ತ್ರಿಗಳಲ್ಲಿದೆ.

ಕೊಳವೆಬಾವಿಯ ರೈತರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಎಂಟುನೂರು ಅಡಿ ಆಳಕ್ಕೆ ಇಳಿದಿರುವ 5 ಎಚ್‌ಪಿ ತ್ರೀಫೇಸ್ ಮೋಟಾರ್ ಸುಮಾರು 8 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟರಿನಿಂದ ಕೇಬಲ್ ಒಟ್ಟು 250 ಮೀಟರ್. 4 ಚ.ಮಿ.ಮೀ. ಫ್ಲಾಟ್ ಕೇಬಲ್ ಹಾಕಿದರೆ ದಾರಿಯಲ್ಲಿ ಕರಗುವ ಶಕ್ತಿ 240 ವ್ಯಾಟ್‌ನ ಆಸುಪಾಸು, 2.5 ಹಾಕಿದರೆ 380. ಮೋಟಾರಿನ ತುದಿಗೆ ಮುಟ್ಟುವ ವೋಲ್ಟೇಜು ಮೊದಲನೆಯದರಲ್ಲಿ ಸುಮಾರು 15 ವೋಲ್ಟ್ ಕುಸಿದರೆ ಎರಡನೆಯದರಲ್ಲಿ 24. ಹಳ್ಳಿಯ ಲೈನಿನಲ್ಲಿ ಮೊದಲೇ ವೋಲ್ಟೇಜು ಇಳಿದಿರುವಾಗ ಈ ಒಂಬತ್ತು ವೋಲ್ಟ್‌ ಸಣ್ಣದಲ್ಲ. ವೋಲ್ಟೇಜು ಕುಸಿದಷ್ಟೂ ಮೋಟಾರ್ ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಕಾದು ಸುಟ್ಟುಹೋಗುತ್ತದೆ. ಕೇಬಲ್ಲಿನಲ್ಲಿ ಉಳಿಸಿದ ಹಣ ರೀವೈಂಡಿಂಗ್ ಅಂಗಡಿ ಸೇರುತ್ತದೆ.

ಸಾಲು: "19 ಇಲ್ಲ, 22 ಡಬಲ್ ಹಾಕು"

ಅದೇ ರೀವೈಂಡಿಂಗ್ ಅಂಗಡಿಯ ಮಾತು. ಮನೆಯ ವೈರಿಂಗು ಚದರ ಮಿಲಿಮೀಟರಿಗೆ ಬದಲಾದರೂ ಮೋಟಾರ್ ಸುತ್ತುವವರ ಲೋಕ ಇಂದಿಗೂ ಎಸ್‌ಡಬ್ಲ್ಯುಜಿಯಲ್ಲೇ ಮಾತಾಡುತ್ತದೆ. ತಾಲ್ಲೂಕು ಕೇಂದ್ರದ ಯಾವ ಅಂಗಡಿಗೆ ಹೋದರೂ "ಎಷ್ಟು ಗೇಜು, ಎಷ್ಟು ಸುತ್ತು" ಎಂಬುದೇ ಮೊದಲ ಪ್ರಶ್ನೆ.

ಸುಟ್ಟ ಮೋಟಾರಿನಿಂದ ಬಿಚ್ಚಿದ ತಂತಿ 19ನೇ ನಂಬರಿನದು, ಅಂಗಡಿಯಲ್ಲಿ ಅದು ಮುಗಿದಿದೆ. ಯಜಮಾನರು 22ನೇ ನಂಬರಿನ ಎರಡು ತಂತಿಗಳನ್ನು ಜೋಡಿಯಾಗಿ ಸುತ್ತಲು ಹೇಳುತ್ತಾರೆ. 19ನೇ ನಂಬರಿನ ವಿಸ್ತೀರ್ಣ 0.81 ಚ.ಮಿ.ಮೀ. 22ನೇ ನಂಬರಿನದು 0.397, ಎರಡು ಸೇರಿದರೆ 0.794. ನೂರಕ್ಕೆ ಎರಡರಷ್ಟು ಮಾತ್ರ ವ್ಯತ್ಯಾಸ. ಕಾಗದ ಪೆನ್ಸಿಲ್ ಇಲ್ಲದೆ ಬರುವ ಈ ಮಾತಿನ ಹಿಂದೆ ಪಕ್ಕಾ ಗಣಿತವಿದೆ. ಈ ವಿದ್ಯೆಯ ಬಗ್ಗೆ ನನಗೆ ಅಪಾರ ಗೌರವ.

ಆದರೆ "ಒಂದು ನಂಬರ್ ಸಣ್ಣದಾದರೆ ಏನಾಗಲ್ಲ ಬಿಡಿ" ಎಂಬ ಮಾತೂ ಕೇಳಿಬರುತ್ತದೆ. ಅದನ್ನು ಒಪ್ಪಬಾರದು. 20ರ ಬದಲು 21 ಹಾಕಿದರೆ ತಾಮ್ರ ನೂರಕ್ಕೆ 21 ಭಾಗ ಕಡಿಮೆಯಾಗುತ್ತದೆ, ರೋಧ ನೂರಕ್ಕೆ 27ರಷ್ಟು ಏರುತ್ತದೆ. ಮೋಟಾರ್ ಓಡುತ್ತದೆ, ನೀರೂ ಎತ್ತುತ್ತದೆ, ಒಂದು ಬೇಸಿಗೆಯಲ್ಲೇ ಮತ್ತೆ ಅಂಗಡಿಗೆ ಬರುತ್ತದೆ. ಹಳೆಯ ತಂತಿಯ ಗೇಜು ನೋಡುವಾಗ ಮೇಲಿನ ಎನಾಮಲ್ ಲೇಪವನ್ನು ಕೆರೆದು ತೆಗೆದ ಮೇಲೆಯೇ ಅಳೆಯಬೇಕು. ಲೇಪ ಸೇರಿಸಿ ಅಳೆದರೆ ತಂತಿ ಇರುವುದಕ್ಕಿಂತ ದಪ್ಪ ಎನಿಸುತ್ತದೆ. ದುಂಡು ತಟ್ಟೆಯ ಗೇಜು ಬಳಸುವವರು ತಂತಿಯನ್ನು ಅಂಚಿನ ಸೀಳಿನಲ್ಲಿ ತೂರಿಸಿ ನೋಡಬೇಕು. ಸೀಳಿನ ಒಳತುದಿಯ ದುಂಡು ತೂತು ತಂತಿ ಹೊರಬರಲು ಇರುವ ಜಾಗವಷ್ಟೆ, ಅಳತೆಗಲ್ಲ.

ಸಾಲು: "ಅರ್ತಿಗೆ ಜಿಐ 8, ಬೇಲಿಗೆ 12, ಕಟ್ಟಲು 20"

ಇವೂ ಎಸ್‌ಡಬ್ಲ್ಯುಜಿ ನಂಬರುಗಳೇ. 8ನೇ ನಂಬರಿನ ಸತುವು ಲೇಪಿಸಿದ ಕಬ್ಬಿಣದ ತಂತಿ 4.06 ಮಿ.ಮೀ. ದಪ್ಪ. ಕಬ್ಬಿಣ ತಾಮ್ರದಷ್ಟು ಚೆನ್ನಾಗಿ ಕರೆಂಟು ಒಯ್ಯುವುದಿಲ್ಲವಾದ್ದರಿಂದ ಅರ್ತಿಂಗಿಗೆ ಅಷ್ಟು ದಪ್ಪ ಬೇಕು. 12 ತೋಟದ ಬೇಲಿಯದು, 20 ಸೆಂಟ್ರಿಂಗ್ ಕೆಲಸದವರು ಕಂಬಿ ಕಟ್ಟುವ ಬೈಂಡಿಂಗ್ ವೈರು.

ಇದೇ ತಲೆಕೆಳಗಿನ ಲೆಕ್ಕ ಕೊಡಗಿನ ಮನೆಗಳ ಕೋವಿಯಲ್ಲೂ ಇದೆ. 12 ಬೋರ್ ಎಂದರೆ ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡು ಎರೆದರೆ ಒಂದು ಗುಂಡು ಎಷ್ಟು ದಪ್ಪವಿರುತ್ತದೋ ಅಷ್ಟು ನಳಿಗೆಯ ಒಳವ್ಯಾಸ, ಸುಮಾರು 18.5 ಮಿ.ಮೀ. ಹದಿನಾರು ಗುಂಡು ಮಾಡಿದರೆ ಗುಂಡು ಚಿಕ್ಕದು, 16 ಬೋರಿನ ನಳಿಗೆಯೂ ಚಿಕ್ಕದು.

ಸಾಲು: "12 ಎಡಬ್ಲ್ಯುಜಿ, 20 ಆಂಪ್"

ಅಮೆರಿಕದಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಪರಿಚಿತವಾದ ಸಾಲು. ಅಲ್ಲಿನ ಪಟ್ಟಿ ಬೇರೆ, ಅಮೆರಿಕನ್ ವೈರ್ ಗೇಜ್. 1857ರಲ್ಲಿ ಬ್ರೌನ್ ಅಂಡ್ ಶಾರ್ಪ್ ಎಂಬ ಸಂಸ್ಥೆಯಿಂದ ಬಂದ ಈ ಪಟ್ಟಿ, ಅಳತೆಯ ಪಟ್ಟಿಗಳಲ್ಲೇ ಅತ್ಯಂತ ಸುಂದರವಾದದ್ದು ಎನ್ನುವುದು ನನ್ನ ಅಭಿಪ್ರಾಯ. ನಾಲ್ಕು ಸೊನ್ನೆಯ ತಂತಿ 0.46 ಅಂಗುಲ, 36ನೇ ನಂಬರಿನ ತಂತಿ 0.005 ಅಂಗುಲ ಎಂದು ಎರಡು ತುದಿಗಳನ್ನು ಗಟ್ಟಿಮಾಡಿಕೊಂಡು, ನಡುವಿನ 39 ಮೆಟ್ಟಿಲುಗಳನ್ನು ಗುಣೋತ್ತರ ಶ್ರೇಢಿಯಲ್ಲಿ ಹಂಚಿದರು. ಎಸ್‌ಡಬ್ಲ್ಯುಜಿಯಲ್ಲಿ ಇಲ್ಲದ ಏಕರೂಪತೆ ಇಲ್ಲಿದೆ. ಮೂರು ನಂಬರು ಇಳಿದರೆ ತಾಮ್ರ ಎರಡರಷ್ಟು, ಆರು ಇಳಿದರೆ ವ್ಯಾಸ ಎರಡರಷ್ಟು, ಹತ್ತು ಇಳಿದರೆ ತಾಮ್ರ ಹೆಚ್ಚುಕಡಿಮೆ ಹತ್ತರಷ್ಟು. 10ನೇ ನಂಬರಿನ ತಾಮ್ರದ ತಂತಿ ಸಾವಿರ ಅಡಿಗೆ ಸುಮಾರು ಒಂದು ಓಮ್ ಎಂಬುದನ್ನು ನೆನಪಿಟ್ಟುಕೊಂಡರೆ ಉಳಿದದ್ದನ್ನೆಲ್ಲ ಬಾಯಿಲೆಕ್ಕದಲ್ಲೇ ತೆಗೆಯಬಹುದು.

ಅಪಾಯವಿರುವುದು ಎರಡು ಪಟ್ಟಿಗಳನ್ನು ಬೆರೆಸಿದಾಗ. ಅಮೆರಿಕದ 12ನೇ ನಂಬರು 3.31 ಚ.ಮಿ.ಮೀ. ಬ್ರಿಟಿಷ್ ಪಟ್ಟಿಯ 12ನೇ ನಂಬರು 5.48. ನಂಬರು ಒಂದೇ ಆದರೂ ತಾಮ್ರ ಒಂದೂವರೆ ಪಟ್ಟಿಗಿಂತ ಹೆಚ್ಚು. ಅಮೆರಿಕದ ಉಪಕರಣದ ಪುಸ್ತಿಕೆಯನ್ನು ಓದಿ ಇಲ್ಲಿ ತಂತಿ ತರುವವರು ಮೊದಲು ಚದರ ಮಿಲಿಮೀಟರಿಗೆ ಬದಲಾಯಿಸಿಕೊಳ್ಳಬೇಕು. ಅಲ್ಲಿನ ಗೋಡೆಯ ತಂತಿ ನಮ್ಮದಕ್ಕಿಂತ ದಪ್ಪಗಿರುವುದಕ್ಕೂ ಕಾರಣವಿದೆ. 1,500 ವ್ಯಾಟ್‌ನ ಹೀಟರ್ ನಮ್ಮ 230 ವೋಲ್ಟ್‌ನಲ್ಲಿ ಆರೂವರೆ ಆಂಪಿಯರ್ ಎಳೆದರೆ ಅವರ 120 ವೋಲ್ಟ್‌ನಲ್ಲಿ ಹನ್ನೆರಡೂವರೆ ಎಳೆಯುತ್ತದೆ.

ಸಾಲು: "ಬ್ರಾಡ್‌ಗೇಜ್ — 1676 ಮಿ.ಮೀ."

ಇಲ್ಲಿಂದ ಹಳಿಯ ಸಾಲುಗಳು. 1676 ಕ್ರಮಸಂಖ್ಯೆಯಲ್ಲ, ಅಂತರ. ಯಾವುದರಿಂದ ಯಾವುದಕ್ಕೆ? ಹಳಿಯ ನಡುವಿನಿಂದ ನಡುವಿಗಲ್ಲ, ಹೊರಅಂಚಿನಿಂದ ಹೊರಅಂಚಿಗೂ ಅಲ್ಲ. ಎರಡು ಹಳಿಗಳ ತಲೆಯ ಒಳಮೈಗಳ ನಡುವಿನ ಅಂತರ, ಅದನ್ನೂ ಹಳಿಯ ನೆತ್ತಿಯಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಕೆಳಗೆ ಅಳೆಯುತ್ತಾರೆ. ಗಾಲಿಯ ಒಳಅಂಚಿನ ಏಣು, ಅಂದರೆ ಫ್ಲ್ಯಾಂಜು, ಹಳಿಗೆ ತಾಗುವ ಜಾಗ ಅದೇ.

ಗಾಲಿಗಳ ಕಡೆಯ ಅಳತೆ ನೋಡಬೇಕಾದರೆ ಯಲಹಂಕಕ್ಕೆ ಹೋಗಬೇಕು. 1984ರಿಂದ ರೈಲ್ವೆಗೆ ಗಾಲಿ ಮತ್ತು ಅಚ್ಚು ತಯಾರಿಸುತ್ತಿರುವ ಕಾರ್ಖಾನೆ ಅಲ್ಲಿದೆ. ಅಲ್ಲಿ ಎರಡು ಗಾಲಿಗಳನ್ನು ಒಂದು ಅಚ್ಚಿಗೆ ಭಾರೀ ಒತ್ತಡದಲ್ಲಿ ಕೂರಿಸುತ್ತಾರೆ. ಬ್ರಾಡ್‌ಗೇಜ್ ಗಾಲಿಗಳ ಬೆನ್ನಿನಿಂದ ಬೆನ್ನಿಗೆ ಇರುವ ಅಂತರ 1600 ಮಿ.ಮೀ. 1676ರಲ್ಲಿ 1600 ಕಳೆದರೆ 76. ಅದರಲ್ಲಿ ಎರಡು ಏಣುಗಳ ದಪ್ಪ ಹೋದ ಮೇಲೂ ಒಂದೂವರೆ ಎರಡು ಸೆಂಟಿಮೀಟರ್ ಸಡಿಲ ಉಳಿಯುತ್ತದೆ. ಆ ಸಡಿಲ ಬೇಕೆಂದೇ ಬಿಟ್ಟದ್ದು.

ರೈಲುಗಾಲಿಯ ಮೈ ಸಪಾಟಲ್ಲ, ಇಪ್ಪತ್ತಕ್ಕೆ ಒಂದರಂತೆ ಹೊರಗಡೆಗೆ ಇಳಿಜಾರು. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿಯಾದ್ದರಿಂದ ಒಂದು ಹೆಚ್ಚು, ಒಂದು ಕಡಿಮೆ ಸುತ್ತು ತಿರುಗಲಾಗದು. ಆದರೆ ತಿರುವಿನಲ್ಲಿ ಹೊರಗಿನ ಹಳಿ ಉದ್ದ, ಒಳಗಿನದು ಗಿಡ್ಡ. ಆಗ ಇಡೀ ಅಚ್ಚು ಹೊರಕ್ಕೆ ತುಸು ಸರಿಯುತ್ತದೆ. ಹೊರಗಾಲಿ ತನ್ನ ದಪ್ಪ ಭಾಗದ ಮೇಲೆ, ಒಳಗಾಲಿ ತನ್ನ ಸಣ್ಣ ಭಾಗದ ಮೇಲೆ ಉರುಳುತ್ತದೆ. ಸುತ್ತು ಅಷ್ಟೇ ಇದ್ದರೂ ಸಾಗಿದ ದೂರ ಬೇರೆಯಾಗುತ್ತದೆ. ಯಂತ್ರವೂ ಇಲ್ಲದೆ ಚಾಲಕರ ಕೈಯೂ ಇಲ್ಲದೆ ಸಾವಿರಾರು ಟನ್ನಿನ ಗಾಡಿ ತಿರುವು ದಾಟುವುದು ಹೀಗೆ. ಗೇಜು ಬಿಗಿಯಾದರೆ ಸರಿಯಲು ಜಾಗವಿಲ್ಲ, ಏಣು ಹಳಿಯನ್ನು ಉಜ್ಜುತ್ತದೆ. ತೀರಾ ಸಡಿಲವಾದರೆ ಗಾಲಿ ಹಳಿಗಳ ನಡುವೆ ಕುಸಿಯುತ್ತದೆ. ಹಳಿ ಕಾಯುವ ಸಿಬ್ಬಂದಿ ಕೆಲವೇ ಮಿಲಿಮೀಟರಿನ ಏರುಪೇರಿಗೆ ಅಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕೇ.

1676 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಅಡಿ ಅಂಗುಲಗಳಿಂದ: 5 ಅಡಿ 6 ಅಂಗುಲ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ಒಲವು ಇಂಗ್ಲೆಂಡಿನ 4 ಅಡಿ 8½ ಅಂಗುಲದ ಕಡೆಗಿತ್ತು. ಸಲಹಾ ಎಂಜಿನಿಯರ್ ಸಿಮ್ಸ್ ಐದೂವರೆ ಅಡಿ ಬೇಕೆಂದರು. ಗವರ್ನರ್ ಜನರಲ್ ಡಾಲ್‌ಹೌಸಿ ಆರು ಅಡಿಯನ್ನೇ ಬಯಸಿದ್ದರು. ಕೊನೆಗೆ ಐದೂವರೆ ಅಡಿ ನಿಂತಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ಓಡಿದ ಮೊದಲ ಪ್ರಯಾಣಿಕ ರೈಲು ಇದೇ ಅಗಲದ ಹಳಿಯ ಮೇಲೆ ಓಡಿತು. 1864ರಲ್ಲಿ ಮದ್ರಾಸಿನ ಕಡೆಯಿಂದ ಬೆಂಗಳೂರು ದಂಡುಪ್ರದೇಶಕ್ಕೆ ಬಂದ ರೈಲಿಗೂ ಇದೇ ಅಗಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ 1972ರಿಂದ ಓಡುತ್ತಿರುವ ಬಾರ್ಟ್ ರೈಲಿನ ಹಳಿಯೂ ಐದೂವರೆ ಅಡಿಯದೇ. ಫ್ರೀಮಾಂಟ್‌ನ ಕನ್ನಡಿಗರು ದಿನವೂ ಹತ್ತಿಳಿಯುವ ಆ ರೈಲಿಗೂ ಅರಸೀಕೆರೆಯ ರೈಲಿಗೂ ಗೇಜು ಒಂದೇ.

ಸಾಲು: "ಮೀಟರ್‌ಗೇಜ್ 1000, ನ್ಯಾರೋಗೇಜ್ 762 ಮತ್ತು 610"

ಐದೂವರೆ ಅಡಿಯ ಹಳಿ ದುಬಾರಿಯಾಯಿತು. 1870ರಲ್ಲಿ ವೈಸರಾಯ್ ಮೇಯೋ ಅವರ ಸರ್ಕಾರ ಕಡಿಮೆ ಖರ್ಚಿನ ಕಿರಿದಾದ ಹಳಿಗೆ ಒಪ್ಪಿತು. ಭಾರತಕ್ಕೆ ಮೆಟ್ರಿಕ್ ಪದ್ಧತಿ ತರುವ ಆಲೋಚನೆಯೂ ಆಗ ನಡೆದಿದ್ದರಿಂದ ಅಗಲವನ್ನು ಸರಿಯಾಗಿ ಒಂದು ಮೀಟರ್ ಎಂದು ಇಟ್ಟರು. ಮೆಟ್ರಿಕ್ ಪದ್ಧತಿ ಆಗ ಬರಲಿಲ್ಲ, ಸ್ವಾತಂತ್ರ್ಯಾನಂತರ 1956ರ ಕಾಯ್ದೆಯವರೆಗೆ ಕಾಯಬೇಕಾಯಿತು. ಸೇರು, ಮಣ, ಗಜಗಳ ನಾಡಿನಲ್ಲಿ ಸಾವಿರಾರು ಮೈಲಿ ಹಳಿ ಮಾತ್ರ ಅದುವರೆಗೂ ಮೀಟರಿನಲ್ಲಿ ಉಳಿದುಕೊಂಡಿತು.

ಮೈಸೂರು ಸಂಸ್ಥಾನ ಹಿಡಿದದ್ದು ಈ ದಾರಿಯನ್ನೇ. ಧಾತು, ಈಶ್ವರ ಸಂವತ್ಸರಗಳ ಮಹಾಬರದಲ್ಲಿ ಬರಪರಿಹಾರದ ಕಾಮಗಾರಿಯಾಗಿ ಬೆಂಗಳೂರು ಮೈಸೂರು ದಾರಿಯ ಮಣ್ಣಿನ ಕೆಲಸ ನಡೆಯಿತು. 1881–82ರಲ್ಲಿ ಮೀಟರ್‌ಗೇಜ್ ರೈಲು ಓಡಿತು. ಬೆಂಗಳೂರಿನಲ್ಲಿ ಎರಡು ಅಗಲದ ಹಳಿಗಳು ಎದುರುಬದುರಾದವು. ಮೈಸೂರಿನಿಂದ ಮದ್ರಾಸಿಗೆ ಹೊರಟವರು ಇಲ್ಲಿ ಗಂಟುಮೂಟೆ ಇಳಿಸಿ ರೈಲು ಬದಲಿಸಬೇಕಿತ್ತು. ಜನ ಇಳಿದು ಹತ್ತುತ್ತಾರೆ, ಸರಕು ತಾನಾಗಿ ಹತ್ತುವುದಿಲ್ಲ. ಗೇಜು ಬದಲಾಗುವ ನಿಲ್ದಾಣಗಳಲ್ಲಿ ಮೂಟೆ ಮೂಟೆಯಾಗಿ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊತ್ತ ಹಮಾಲರ ಬೆನ್ನೇ ಈ ಅಳತೆಯ ನಿಜವಾದ ಬೆಲೆ ತೆತ್ತಿತು.

762 ಎಂದರೆ ಎರಡೂವರೆ ಅಡಿ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರ, ಯಲಹಂಕದ ದಾರಿ ಈ ಅಗಲದ್ದಾಗಿತ್ತು. 610 ಎಂದರೆ ಎರಡು ಅಡಿ, ತರೀಕೆರೆಯಿಂದ ನರಸಿಂಹರಾಜಪುರದ ಕಾಡುದಾರಿಯದು.

1992ರಲ್ಲಿ ಇವೆಲ್ಲವನ್ನೂ ಬ್ರಾಡ್‌ಗೇಜ್‌ಗೆ ತರುವ ಯೂನಿಗೇಜ್ ಯೋಜನೆ ಶುರುವಾಯಿತು. ಆಗ ರೈಲ್ವೆ ಮಂತ್ರಿಯಾಗಿದ್ದವರು ಚಳ್ಳಕೆರೆಯವರಾದ ಸಿ.ಕೆ. ಜಾಫರ್ ಷರೀಫ್. ಕರ್ನಾಟಕಕ್ಕೆ ಅವರು ಮಾಡಿದ ಅತಿದೊಡ್ಡ ಉಪಕಾರ ಇದೇ ಎಂದು ನಾನು ತಿಳಿದಿದ್ದೇನೆ. ಬೆಲೆಯೂ ತೆರಬೇಕಾಯಿತು. 1979ರಲ್ಲಿ ಮೀಟರ್‌ಗೇಜ್‌ನಲ್ಲಿ ಪೂರ್ಣಗೊಂಡಿದ್ದ ಹಾಸನ ಮಂಗಳೂರು ದಾರಿ 1996ರಲ್ಲಿ ಪರಿವರ್ತನೆಗೆಂದು ನಿಂತಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ 55 ಕಿ.ಮೀ. ಘಾಟಿಯಲ್ಲೇ 57 ಸುರಂಗಗಳು. ಹಳಿಯನ್ನು 676 ಮಿ.ಮೀ. ಅಗಲಿಸುವುದೆಂದರೆ ಸೇತುವೆ, ಸುರಂಗ, ತಿರುವು ಎಲ್ಲವನ್ನೂ ಮತ್ತೆ ನೋಡುವುದು. ಪ್ರಯಾಣಿಕರ ರೈಲು ಮರಳಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಕರಾವಳಿಗೂ ರಾಜಧಾನಿಗೂ ನಡುವೆ ಆ ದಾರಿಯಲ್ಲಿ ಪ್ರಯಾಣಿಕರ ರೈಲು ಇರಲಿಲ್ಲ.

ಸಾಲು: "ಸ್ಟ್ಯಾಂಡರ್ಡ್‌ಗೇಜ್ — 1435 ಮಿ.ಮೀ."

ನಮ್ಮ ಮೆಟ್ರೊದ ಅಳತೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ ಮೊದಲ ಗಾಡಿಯಿಂದಲೂ ಇದೇ. ಇದರ ಮೂಲ 4 ಅಡಿ 8½ ಅಂಗುಲ.

ರೋಮನ್ ರಥಗಳ ಗಾಲಿಗಳ ಅಂತರವೇ ಇದು ಎಂಬ ಕಥೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ನಂಬುವಂಥದ್ದಲ್ಲ. ಈಶಾನ್ಯ ಇಂಗ್ಲೆಂಡಿನ ಗಣಿಗಳಲ್ಲಿ ಕುದುರೆಗಳು ಎಳೆಯುತ್ತಿದ್ದ ಕಲ್ಲಿದ್ದಲ ಬಂಡಿಗಳ ಹಳಿ ಸುಮಾರು ಇಷ್ಟು ಅಗಲವಿತ್ತು. ಅಲ್ಲೇ ಬೆಳೆದ ಜಾರ್ಜ್ ಸ್ಟೀಫನ್‌ಸನ್ 4 ಅಡಿ 8 ಅಂಗುಲವನ್ನು ತಮ್ಮ ರೈಲಿಗೆ ತಂದರು. ಆ ಅರ್ಧ ಅಂಗುಲ ಆಮೇಲೆ ಸೇರಿದ್ದು, ಗಾಲಿಗೆ ಸಡಿಲ ಕೊಡಲೆಂದೇ. ಇನ್ನೊಬ್ಬ ಎಂಜಿನಿಯರ್ ಬ್ರೂನೆಲ್ ಏಳಡಿಯ ಹಳಿ ಹಾಕಿ ಸ್ಪರ್ಧೆಗೆ ನಿಂತರು. ಅವರ ಗಾಡಿಗಳು ವೇಗವಾಗಿಯೂ ಓಡಿದವು. ಆದರೆ ಆ ಹೊತ್ತಿಗೆ ದೇಶದ ಬಹುಪಾಲು ಹಳಿ ಕಿರಿದಾಗಿತ್ತು. 1846ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಕಿರಿದರ ಪರ ನಿಂತಿತು, 1892ರಲ್ಲಿ ಕೊನೆಯ ಏಳಡಿ ಹಳಿಯೂ ಹೋಯಿತು. ಗೆದ್ದದ್ದು ಉತ್ತಮ ಅಳತೆಯಲ್ಲ, ಹೆಚ್ಚು ಮೈಲಿ ಹರಡಿದ್ದ ಅಳತೆ.

ಮೆಟ್ರೊ ಗಾಡಿ ಊರು ಬಿಟ್ಟು ಹೊರಗಿನ ರೈಲುಹಳಿಗೆ ಹೋಗಬೇಕಾಗಿಲ್ಲ. ಜಗತ್ತಿನ ಬಹುಪಾಲು ಮೆಟ್ರೊಗಳು 1435ರಲ್ಲಿ ಇರುವುದರಿಂದ ಗಾಡಿ, ಬಿಡಿಭಾಗ ಸಿಗುವುದು ಸುಲಭ. ಊರೊಳಗಿನ ಕಡಿದಾದ ತಿರುವುಗಳಿಗೂ ಅನುಕೂಲ. ದೆಹಲಿ ತನ್ನ ಮೊದಲ ಮೆಟ್ರೊ ದಾರಿಗಳನ್ನು ಬ್ರಾಡ್‌ಗೇಜ್‌ನಲ್ಲಿ ಹಾಕಿ ಮುಂದಿನವನ್ನು 1435ಕ್ಕೆ ಬದಲಿಸಿತು. ಬೆಂಗಳೂರು ಮೊದಲಿನಿಂದಲೂ ಅದನ್ನೇ ಹಿಡಿದದ್ದು ಸರಿಯಾದ ತೀರ್ಮಾನ.

ಸಾಲು: "60 ಕೆಜಿ"

ಹಳಿ ಎಷ್ಟು ದೂರದಲ್ಲಿದೆ ಎಂಬುದನ್ನು ಗೇಜು ಹೇಳುತ್ತದೆ, ಎಷ್ಟು ಗಟ್ಟಿ ಎಂಬುದನ್ನಲ್ಲ. ಅದಕ್ಕೆ ತೂಕದ ಲೆಕ್ಕ. 60 ಕೆಜಿ ಹಳಿ ಎಂದರೆ ಒಂದು ಮೀಟರ್ ಉದ್ದಕ್ಕೆ 60 ಕಿಲೋ ಉಕ್ಕು. ಅದಕ್ಕೂ ಹಿಂದಿನದು 52, ಇನ್ನೂ ಹಳೆಯದು ಗಜಕ್ಕೆ 90 ಪೌಂಡಿನ ಹಳಿ, ಮೀಟರಿಗೆ 44.6 ಕಿಲೋ. ಕಿರಿದಾದ ಹಳಿ ಭಾರ ಹೊರಲಾರದು ಎಂದೇನಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ನಮ್ಮ ಮೀಟರ್‌ಗೇಜ್‌ಗಿಂತ ಸ್ವಲ್ಪವೇ ಅಗಲವಾದ 1067 ಮಿ.ಮೀ. ಹಳಿಯ ಮೇಲೆ ಮುನ್ನೂರಕ್ಕೂ ಹೆಚ್ಚು ವ್ಯಾಗನ್‌ಗಳ ಅದಿರಿನ ಗಾಡಿ ಓಡುತ್ತದೆ. ಭಾರ ಹೊರುವುದು ಉಕ್ಕು ಮತ್ತು ಅದರ ಕೆಳಗಿನ ನೆಲ.

ಸಾಲು: "107 ಚ.ಮಿ.ಮೀ. — 25,000 ವೋಲ್ಟ್"

ತಂತಿಯ ಅಳತೆಯೂ ಹಳಿಯ ಅಳತೆಯೂ ಒಂದೇ ಜಾಗದಲ್ಲಿ ಸೇರುವುದು ಇಲ್ಲಿ. ವಿದ್ಯುದೀಕರಣಗೊಂಡ ಬ್ರಾಡ್‌ಗೇಜ್ ದಾರಿಯ ಮೇಲೆ, ಎಂಜಿನ್ನಿನ ನೆತ್ತಿಗೆ ತಾಗಿಕೊಂಡು ಹೋಗುವ ತಾಮ್ರದ ತಂತಿ ಸಾಮಾನ್ಯವಾಗಿ 107 ಚ.ಮಿ.ಮೀ. ಮನೆಯ ಗೀಸರಿನ 4 ಚ.ಮಿ.ಮೀ. ತಂತಿಯ ಇಪ್ಪತ್ತೇಳರಷ್ಟು. ನಾಲ್ಕೂವರೆ ಸಾವಿರ ಕಿಲೋವ್ಯಾಟ್ ಬೇಡುವ ಎಂಜಿನ್ನಿಗೆ ಅಷ್ಟು ಸಾಕಾಗುವುದು ಹೇಗೆ? ಒತ್ತಡ 25,000 ವೋಲ್ಟ್ ಆದ್ದರಿಂದ ಕರೆಂಟು 200 ಆಂಪಿಯರಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಇದೇ ಶಕ್ತಿಯನ್ನು ನಮ್ಮ ಮೆಟ್ರೊದ 750 ವೋಲ್ಟ್‌ನಲ್ಲಿ ಕೊಡಬೇಕಾದರೆ 6,000 ಆಂಪಿಯರ್ ಬೇಕು. ಮೆಟ್ರೊದಲ್ಲಿ ಮೇಲೆ ತಂತಿ ಇಲ್ಲದೆ, ಹಳಿಯ ಪಕ್ಕದಲ್ಲಿ ದಪ್ಪನೆಯ ಮೂರನೇ ಹಳಿ ಇರುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಈ ಸಾಲಿನ ಎರಡನೆಯ ಸಂಖ್ಯೆಯನ್ನು ಮನೆಯ ಮಕ್ಕಳಿಗೆ ಓದಿ ಹೇಳಿ. 25,000 ವೋಲ್ಟ್‌ನ ತಂತಿಯನ್ನು ಮುಟ್ಟಬೇಕಾಗಿಲ್ಲ, ಹತ್ತಿರ ಹೋದರೂ ಕರೆಂಟು ಗಾಳಿಯಲ್ಲಿ ಹಾರಿ ಮೈಗೆ ಬಡಿಯುತ್ತದೆ. ನಿಂತ ವ್ಯಾಗನ್ನಿನ ಮೇಲೆ ಸೆಲ್ಫಿಗೆಂದು ಹತ್ತಿದ ಹುಡುಗರು ಜೀವ ಕಳೆದುಕೊಂಡದ್ದು ಹೀಗೆಯೇ. ರೈಲ್ವೆಯ ಎಚ್ಚರಿಕೆ ಫಲಕ ಹೇಳುವ ಅಂತರ ಎರಡು ಮೀಟರ್. ಗಾಡಿಯ ಮೇಲೆ ಹತ್ತಬೇಡಿ, ಲೆವೆಲ್ ಕ್ರಾಸಿಂಗಿನಲ್ಲಿ ಉದ್ದನೆಯ ಬಿದಿರು, ಕಬ್ಬಿಣದ ಗಳ ಎತ್ತಿ ಹಿಡಿದು ದಾಟಬೇಡಿ.